ಅಂಗೈಯನ್ನು ಕೇಳದೆ ಬರೆದ ಚೀಟಿ

ಇಳಕಲ್ಲಿನ ನಮ್ಮ ಕಾಕಾನ ಮಗ ಹುಟ್ಟುಕಿವುಡ. ಹದಿಹರೆಯದಲ್ಲಿ ಇರುಳುಗುರುಡು ಕಾಣಿಸಿಕೊಂಡು, ಆಮೇಲೆ ನೋಟ ಸುತ್ತಲಿಂದ ಕಿರಿದಾಗುತ್ತ ಬಂದು, ನಲವತ್ತರ ಹೊತ್ತಿಗೆ ಬಹುತೇಕ ಕುರುಡಾದ. ಇದು ಅಷರ್ ಸಿಂಡ್ರೋಮ್. ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದಾಗ ತಲೆದೋರುವ ಕಾಯಿಲೆಯಾದ್ದರಿಂದ, ಸೋದರಮಾವನಿಗೇ ಹೆಣ್ಣು ಕೊಡುವ ನಮ್ಮ ಕಡೆ ಅದರ ಭಯ ಹೆಚ್ಚು. ಆ ಜಗಳ ಇನ್ನೊಂದು ದಿನಕ್ಕಿರಲಿ.

ಎರಡು ವರ್ಷದ ಹಿಂದೆ ಅವನು ರಾತ್ರಿಯೆಲ್ಲ ಎದ್ದು ಕೂರತೊಡಗಿದ, ಗಾಳಿಯಲ್ಲಿ ಯಾರನ್ನೋ ಕೈಯಿಂದ ಸರಿಸತೊಡಗಿದ, ಮುಟ್ಟಿದವರನ್ನು ದೂಡತೊಡಗಿದ. ಒಂದು ಆಸ್ಪತ್ರೆಗೆ ಕರೆದೊಯ್ದೆವು. “ಇಲ್ಲದವ್ರ ಕೂಡ ಜಗಳಾ ಆಡತಾನ್ರಿ” ಎಂದು ಅವನ ತಾಯಿ, ನಮ್ಮ ಕಾಕು, ಹೇಳಿದ್ದೇ ರೋಗನಿರ್ಣಯವಾಯಿತು, ಅವನನ್ನು ಒಂದು ಮಾತೂ ಕೇಳಲಿಲ್ಲ. ಗುಳಿಗೆಯಿಂದ ಕೈ ನಡುಗಲು ಶುರುವಾಯಿತು. ಶಾಲೆಯಲ್ಲಿ ಕಲಿತ ಅಕ್ಷರಗಳನ್ನು ನಮ್ಮ ಅಂಗೈ ಮೇಲೆ ತೋರುಬೆರಳಿನಿಂದ ಬರೆದೇ ಮಾತಾಡುವವನು ಅವನು. ‘ನೀರು’ ಎಂದು ಮೂರು ಸಲ ಬರೆದರೂ ನನಗೆ ತಿಳಿಯಲಿಲ್ಲ. ರೋಗಿಯ ನಾಲಿಗೆ ತೊದಲುವಂತೆ ಮಾಡುವ ಔಷಧವನ್ನು ವೈದ್ಯರು ಇಷ್ಟು ಸಲೀಸಾಗಿ ಮುಂದುವರಿಸುತ್ತಿದ್ದರೇ?

ಮನೋವೈದ್ಯರು ಮುಖ, ದನಿ, ಕಣ್ಣೋಟ ನೋಡಿ ಅಳೆಯುತ್ತಾರೆ. ಖಿನ್ನತೆಗೆ ಎಲ್ಲೆಡೆ ಬಳಸುವ ಪಿಎಚ್‌ಕ್ಯೂ-9 ಪ್ರಶ್ನಾವಳಿ, ಪತ್ರಿಕೆ ಓದುವಾಗ ಅಥವಾ ಟಿವಿ ನೋಡುವಾಗ ಗಮನ ನಿಲ್ಲುತ್ತದೆಯೇ ಎಂದು ಕೇಳುತ್ತದೆ. ಬೆಳಕು ಕಾಣದ ದೇಹಕ್ಕೆ ಹಗಲು ರಾತ್ರಿಯ ಲೆಕ್ಕ ತಪ್ಪಬಹುದು. ಸುಳಿವಿಲ್ಲದೆ ಮೈಮೇಲೆ ಕೈ ಬಿದ್ದರೆ ಯಾರಾದರೂ ದೂಡುತ್ತಾರೆ. ಇವನ್ನೇ ಹುಚ್ಚಿನ ಲಕ್ಷಣಗಳೆಂದು ಬರೆದುಕೊಳ್ಳುವುದು ಸುಲಭ. ರೋಗಿಗೆ ತಿಳಿಯುವ ಭಾಷೆಯಲ್ಲಿ, ಸಂಜ್ಞೆಯಲ್ಲಿ ಅಥವಾ ಬೇರೆ ಯಾವುದೇ ವಿಧಾನದಲ್ಲಿ ಮಾಹಿತಿ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆಯಲ್ಲ ಎನ್ನುವವರು, ಕಿವಿಯಿಲ್ಲದವನು ಫೋನ್ ಹಿಡಿದು ಏನು ಮಾಡಬೇಕೆಂಬುದನ್ನೂ ಹೇಳಲಿ.

ಕೊನೆಗೆ ಧಾರವಾಡದ ವೈದ್ಯರೊಬ್ಬರು, ಮುಟ್ಟಿ ಸಂಜ್ಞೆ ಮಾಡಬಲ್ಲ ಹೊರಗಿನವರೊಬ್ಬರನ್ನು ಕರೆಸಿ, ಕಾಕುವನ್ನೂ ನನ್ನನ್ನೂ ಹೊರಗೆ ಕೂರಿಸಿ, ಒಂದೂವರೆ ತಾಸು ಅವನೊಂದಿಗೇ ಕಳೆದರು. ಕಾಣುತ್ತಿದ್ದ ಮುಖಗಳು ಸುಳ್ಳೆಂಬುದು ಅವನಿಗೇ ಗೊತ್ತಿತ್ತು. ನೋಟ ಕಳೆದುಕೊಂಡವರ ಮಿದುಳು ತಾನೇ ಚಿತ್ರ ಕಟ್ಟುವುದನ್ನು ಚಾರ್ಲ್ಸ್ ಬೊನೆ ಸಿಂಡ್ರೋಮ್ ಎನ್ನುತ್ತಾರೆ, ಅದು ಮನೋರೋಗವಲ್ಲ. ಆದರೆ ಖಿನ್ನತೆ ಇತ್ತು, ನಿಜವಾದದ್ದೇ. ಲಾಳಿ ಬಡಿದೀತೆಂದು ಕಾಕು ಅವನನ್ನು ಮಗ್ಗದ ಕೋಣೆಗೆ ಬಿಡುವುದನ್ನು ನಿಲ್ಲಿಸಿದ್ದಳು. ಮಗ್ಗದ ಕಟ್ಟಿಗೆಗೆ ಅಂಗೈ ಒತ್ತಿ ನೇಯ್ಗೆಯ ಬಡಿತವನ್ನು ದಿನವಿಡೀ ಕೇಳುತ್ತಿದ್ದ ಅವನು, ಅದನ್ನು ಯಾರಿಗೂ ಹೇಳಿರಲಿಲ್ಲ. ಕಾಕುವಿನ ಮುಂದೆ ಹೇಳುವಂತೆಯೂ ಇರಲಿಲ್ಲ.