ಸ್ಪಷ್ಟನೆ: ವೆಬ್ ದೂರದರ್ಶಕ ವಿಶ್ವದ ಅಂಚನ್ನು ಕಂಡಿಲ್ಲ

"ಜೇಮ್ಸ್ ವೆಬ್ ದೂರದರ್ಶಕ ವಿಶ್ವದ ಕೊನೆಯ ಗಡಿಯ ಫೋಟೋ ತೆಗೆದಿದೆ, ಅದರಾಚೆ ಏನೂ ಇಲ್ಲ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಅಂಥ ಗಡಿಯನ್ನು ಯಾವ ದೂರದರ್ಶಕವೂ ಕಂಡಿಲ್ಲ.

ಜೊತೆಗಿರುವ ಫೋಟೋ 2022ರ ಜುಲೈನಲ್ಲಿ ನಾಸಾ ಬಿಡುಗಡೆ ಮಾಡಿದ್ದು. ಅದರ ನಡುವೆ ಇರುವುದು ಎಸ್‌ಮ್ಯಾಕ್ಸ್ 0723 ಎಂಬ ಗ್ಯಾಲಕ್ಸಿಗಳ ಗುಂಪು. ನಮಗೆ ಕಾಣುವ ಅದರ ಬೆಳಕು ಸುಮಾರು 460 ಕೋಟಿ ವರ್ಷ ಹಿಂದೆ ಹೊರಟಿದ್ದು. ಅದರ ಹಿಂದೆ ಇನ್ನೂ ಹಳೆಯ ಗ್ಯಾಲಕ್ಸಿಗಳು ಮಂಕಾಗಿ ಕಾಣುತ್ತವೆ, ಅಷ್ಟೇ.

ಆ ಗಡಿ 4,650 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ ಎಂದೂ ಸಂದೇಶ ಹೇಳುತ್ತದೆ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ). ಆ ಅಂಕಿ ಮಾತ್ರ ನಿಜ. ಆದರೆ ಅದು ನಮ್ಮ ನೋಟದ ಮಿತಿ, ವಿಶ್ವದ್ದಲ್ಲ. ವಿಶ್ವಕ್ಕೆ ಸುಮಾರು 1,380 ಕೋಟಿ ವರ್ಷ ವಯಸ್ಸು. ಅಷ್ಟು ಕಾಲದಲ್ಲಿ ನಮ್ಮನ್ನು ತಲುಪಿದ ಬೆಳಕನ್ನಷ್ಟೇ ನೋಡಬಲ್ಲೆವು. ಬೆಳಕು ದಾರಿಯಲ್ಲಿರುವಾಗಲೇ ಜಾಗವೂ ಹಿಗ್ಗಿದ್ದರಿಂದ ದೂರ ಇಷ್ಟು ಜಾಸ್ತಿಯಾಗಿದೆ. ಕಾರವಾರದ ಕಡಲ ತೀರದಲ್ಲಿ ದಿಗಂತ ಕಾಣುತ್ತದೆ, ಸಮುದ್ರ ಅಲ್ಲಿಗೆ ಮುಗಿಯುವುದಿಲ್ಲ ಅಲ್ವಾ? ನಮ್ಮ ನೋಟದ ಮಿತಿಯಲ್ಲಿರುವ ಗ್ಯಾಲಕ್ಸಿಯೊಂದರಿಂದ ಈಗ ನೋಡಿದರೆ ಅಲ್ಲಿಂದಲೂ ಸುತ್ತ ಅಷ್ಟೇ ದೂರ ಕಾಣುತ್ತದೆ.

2009ರಿಂದ 2013ರವರೆಗೆ ಯುರೋಪಿನ ಪ್ಲಾಂಕ್ ಉಪಗ್ರಹ ಇಡೀ ಆಕಾಶದಿಂದ ಬರುವ ವಿಶ್ವದ ಅತಿ ಹಳೆಯ ಬೆಳಕನ್ನು ಅಳೆಯಿತು. ಎಲ್ಲೂ ಅಂಚಿನ ಗುರುತು ಸಿಗಲಿಲ್ಲ. ವಿಶ್ವ ಅನಂತವೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಅನಂತವಲ್ಲದಿದ್ದರೂ ಅಂಚು ಇರಲೇಬೇಕೆಂದಿಲ್ಲ, ಚೆಂಡಿನ ಮೈಗೆ ಅಂಚು ಇಲ್ಲದ ಹಾಗೆ.

ಫೋಟೋ ನಿಜಕ್ಕೂ ಅದ್ಭುತ, ಅದನ್ನು ಸರಿಯಾದ ವಿವರದ ಜೊತೆ ಹಂಚಿಕೊಳ್ಳಿ. "ಕೊನೆಯ ಗಡಿ" ಸಂದೇಶವನ್ನು ಮಾತ್ರ ದಯವಿಟ್ಟು ಮುಂದೆ ಕಳಿಸಬೇಡಿ.