ಸ್ಪಷ್ಟನೆ: ಸಿ.ಟಿ. ನಾರ್ಮಲ್ ಬಂದರೆ ಕಿರುಮೆದುಳು ಸರಿಯಿದೆ ಎಂದರ್ಥವಲ್ಲ

“ತಲೆಸುತ್ತು ಬಂದು ನಡಿಗೆ ತೂರಾಡಿದರೂ ಸಿ.ಟಿ. ಸ್ಕ್ಯಾನ್ ನಾರ್ಮಲ್ ಇದ್ದರೆ ಕಿರುಮೆದುಳಿಗೆ ಏನೂ ಆಗಿಲ್ಲ” ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು, ಅಪಾಯಕಾರಿಯೂ ಹೌದು.

ನಡಿಗೆ, ಸಮತೋಲನ ನೋಡಿಕೊಳ್ಳುವ ಕಿರುಮೆದುಳಿನ ಅಕ್ಕಪಕ್ಕ ಒಳಕಿವಿಯನ್ನು ಹೊತ್ತ ಬಲು ಗಟ್ಟಿಯಾದ ಮೂಳೆಗಳಿವೆ. ಅವು ಎಕ್ಸ್-ರೇ ಕಿರಣಗಳನ್ನು ಹೀರಿಕೊಂಡು ಸಿ.ಟಿ. ಚಿತ್ರದಲ್ಲಿ ಅಡ್ಡಪಟ್ಟಿಗಳನ್ನು ಮೂಡಿಸುತ್ತವೆ. ಹೊಸ ಪಾರ್ಶ್ವವಾಯುವಿನಿಂದ (ಸ್ಟ್ರೋಕ್) ಮಿದುಳಿನಲ್ಲಾದ ಮಸುಕು ಗುರುತು ಅದರಡಿ ಮುಚ್ಚಿಹೋಗುತ್ತದೆ. ರಕ್ತಸ್ರಾವವನ್ನು ಸಿ.ಟಿ. ಚೆನ್ನಾಗಿ ಹಿಡಿಯುತ್ತದೆ, ಅದಕ್ಕೇ ಮೊದಲು ಮಾಡುವುದು. ರಕ್ತನಾಳ ಕಟ್ಟಿಕೊಂಡು ಆದ ಹಾನಿ ನೋಡಲು ಡಿಫ್ಯೂಷನ್ ಎಂ.ಆರ್.ಐ. (ಅಂಗಾಂಶದಲ್ಲಿ ನೀರಿನ ಕಣಗಳ ಚಲನೆಯನ್ನು ತೋರಿಸುವ ಸ್ಕ್ಯಾನ್) ಬೇಕು. ಮೊದಲ 24ರಿಂದ 48 ಗಂಟೆಗಳಲ್ಲಿ ಅದರಲ್ಲೂ ಸಣ್ಣ ಹಾನಿ ಕಾಣದೇ ಹೋಗಬಹುದು. ಕಣ್ಣಿನ ಚಲನೆ, ನಡಿಗೆಯ ಪರೀಕ್ಷೆಯಲ್ಲಿ ಅನುಮಾನ ಉಳಿದರೆ ಮತ್ತೆ ತೆಗೆಸಲೇಬೇಕು. ಏಕೆಂದರೆ ಮುಂದಿನ ಕೆಲವು ದಿನಗಳಲ್ಲಿ ಕಿರುಮೆದುಳು ಊದಿಕೊಂಡರೆ ಅದರ ಮುಂದಿರುವ ನಾಲ್ಕನೇ ಕುಹರ (ಮಿದುಳಿನ ದ್ರವ ಹರಿಯುವ ಪೊಳ್ಳು ಜಾಗ) ಮುಚ್ಚಿ, ಮಿದುಳಿನ ದ್ರವ ಹರಿಯದೆ ನಿಲ್ಲುತ್ತದೆ. ಮಿದುಳುಕಾಂಡ ಅದುಮಿ ಜೀವಕ್ಕೇ ಕುತ್ತು.

ನಿಧಾನವಾಗಿ ಹೆಚ್ಚುವ ಅಟಾಕ್ಸಿಯಾದಲ್ಲೂ (ನಡಿಗೆ, ಕೈಕಾಲುಗಳ ಹೊಂದಾಣಿಕೆ ತಪ್ಪುವ ತೊಂದರೆ) ಸ್ಕ್ಯಾನ್ ಒಂದನ್ನೇ ನಂಬಲಾಗದು. ವಂಶವಾಹಿಯಿಂದ ಬರುವ ಫ್ರೀಡ್ರೈಕ್ ಅಟಾಕ್ಸಿಯಾದ ಆರಂಭದಲ್ಲಿ ಕಿರುಮೆದುಳು ಬಹುತೇಕ ಸಹಜವಾಗಿಯೇ ಕಾಣುತ್ತದೆ, ತೆಳುವಾಗಿರುವುದು ಕುತ್ತಿಗೆಯ ಬೆನ್ನುಹುರಿ. ಅದನ್ನು ಖಚಿತಪಡಿಸುವುದು ವಂಶವಾಹಿ ಪರೀಕ್ಷೆ.

ಇಂಥ ಅಟಾಕ್ಸಿಯಾದಲ್ಲಿ ಕಿರುಮೆದುಳು ಕುಗ್ಗುತ್ತಿದೆಯೇ ಎಂದು ಎಂ.ಆರ್.ಐ. ಚಿತ್ರಗಳನ್ನು ವರ್ಷದಿಂದ ವರ್ಷಕ್ಕೆ ಹೋಲಿಸುವುದಾದರೆ ಅದೇ ಯಂತ್ರ, ಅದೇ ಸೆಟ್ಟಿಂಗ್, ಸುಮಾರು 1 ಮಿ.ಮೀ. ಪದರದ ತ್ರೀ-ಡಿ ಟಿ1 ಚಿತ್ರ (ಮಿದುಳಿನ ರಚನೆಯನ್ನು ಸ್ಪಷ್ಟವಾಗಿ ತೋರುವ ಎಂ.ಆರ್.ಐ. ಬಗೆ) ಇರಲಿ. ಒಮ್ಮೆ 5 ಮಿ.ಮೀ. ಪದರ, ಇನ್ನೊಮ್ಮೆ 1 ಮಿ.ಮೀ. ಆದರೆ ಇಲ್ಲದ ಕುಗ್ಗುವಿಕೆ ಇದ್ದಂತೆ ತೋರೀತು. ಜೊತೆಗೆ ಅಟಾಕ್ಸಿಯಾದ ತೀವ್ರತೆ ಅಳೆಯುವ, 0ರಿಂದ 40ರವರೆಗಿನ ಸಾರಾ (SARA) ಅಂಕವನ್ನೂ ಪ್ರತಿ ಭೇಟಿಯಲ್ಲಿ ಬರೆಸಿಕೊಳ್ಳಿ.