ನನ್ನ ಫೋನಿಗೆ ಅಪ್‌ಡೇಟ್ ಹಾಕಿ ಅಂತ ನಾನು ಕೇಳಿರಲಿಲ್ಲ

ಇವತ್ತಿಗೆ 24 ದಿನ ಆಯಿತು. ನನ್ನ ಫೋನಿನಲ್ಲಿ ವೈಫೈ ನಿಲ್ಲುತ್ತಿಲ್ಲ. ಇಷ್ಟು ದಿನ ಸರಿಹೋಗುತ್ತೆ, ಸರಿಹೋಗುತ್ತೆ ಎಂದುಕೊಂಡು ಸುಮ್ನಿದ್ದೆ. ಇನ್ನು ಆಗಲ್ಲ.

ಜುಲೈ ಕೊನೆಯ ವಾರ. ರಾತ್ರಿ ಎಂದಿನಂತೆ ಫೋನ್ ಚಾರ್ಜಿಗೆ ಹಾಕಿ ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಅಪ್‌ಡೇಟ್ ಆಗಿ ಕೂತಿದೆ. ಐಕಾನ್‌ಗಳ ಆಕಾರ ಬೇರೆ, ಅಕ್ಷರ ಬೇರೆ, ಗಡಿಯಾರ ಇದ್ದ ಜಾಗ ಬೇರೆ. ನಾನು ಯಾವ ಬಟನ್ನೂ ಒತ್ತಿರಲಿಲ್ಲ. ರಾತ್ರಿ ತಾನಾಗೇ ಅಪ್‌ಡೇಟ್ ಆಗುವ ಆಯ್ಕೆ ಫೋನ್ ಕೊಂಡಾಗಲೇ ಆನ್ ಆಗಿ ಬಂದಿತ್ತಂತೆ. ಇದು ಗೊತ್ತಾಗಿದ್ದು ಎಲ್ಲ ಕೆಟ್ಟ ಮೇಲೆ.

ಅವತ್ತು ಬೆಳಗ್ಗೆಯಿಂದಲೇ ಶುರು. ಏಳೆಂಟು ನಿಮಿಷ ವೈಫೈ ಚೆನ್ನಾಗಿರುತ್ತದೆ. ಆಮೇಲೆ ಮೇಲಿನ ಗುರುತಿನ ಪಕ್ಕ ಒಂದು ಆಶ್ಚರ್ಯಸೂಚಕ ಚಿಹ್ನೆ ಬಂದು ನಿಲ್ಲುತ್ತದೆ. ಸೆಟ್ಟಿಂಗ್ಸ್ ತೆಗೆದು ನೋಡಿದರೆ 'ಸಂಪರ್ಕಗೊಂಡಿದೆ, ಇಂಟರ್ನೆಟ್ ಇಲ್ಲ' ಎಂದಿರುತ್ತದೆ. ಸ್ವಲ್ಪ ಹೊತ್ತಿಗೆ 'ಐಪಿ ವಿಳಾಸವನ್ನು ಪಡೆದುಕೊಳ್ಳಲಾಗುತ್ತಿದೆ' ಎಂದು ಬರುತ್ತದೆ. ಪಡೆದುಕೊಳ್ಳುತ್ತಲೇ ಇರುತ್ತದೆ. ಕೊನೆಗೆ ನಮ್ಮ ಮನೆಯ ವೈಫೈ ಹೆಸರಿನ ಕೆಳಗೆ 'ಉಳಿಸಲಾಗಿದೆ' ಎಂಬ ಒಂದೇ ಪದ. ಅಂದರೆ ಹೆಸರು ನೆನಪಿದೆ, ಸಂಪರ್ಕ ಇಲ್ಲ. ಈ ಪದ ನೋಡಿದರೆ ಈಗ ನನಗೆ ಮೈ ಉರಿಯುತ್ತದೆ.

ಬೆಂಗಳೂರಿನಲ್ಲಿರುವ ತಮ್ಮ ಹೇಳಿದ, 'ಅಣ್ಣ, ವೈಫೈ ಇಲ್ಲದಿದ್ರೆ ಮೊಬೈಲ್ ಡೇಟಾ ಆನ್ ಮಾಡ್ಕೋ.' ಅವನು ಇದೇ ಮನೆಯಲ್ಲಿ ಹುಟ್ಟಿ ಬೆಳೆದವನು, ಅವನಿಗೂ ಮರೆತುಹೋಗಿದೆ. ನಮ್ಮ ಮನೆ ಇರೋದು ಕಕ್ಕಬ್ಬೆಯಿಂದ ಒಳಗೆ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ. ಕೊಡಗಿನಲ್ಲೇ ಎತ್ತರದ ಬೆಟ್ಟ ಅದು, 1,748 ಮೀಟರ್. ಸುತ್ತ ಗುಡ್ಡ, ನಡುವೆ ಗುಂಡಿಯ ಹಾಗಿರುವ ಜಾಗದಲ್ಲಿ ನಾವು. ಟವರ್ ಗುಡ್ಡದ ಆಚೆಗಿದೆ. ಅಲ್ಲಿಂದ ಬರುವ ಸಿಗ್ನಲ್ ಮಣ್ಣು ಬಂಡೆ ತೂರಿಕೊಂಡು ಬರಲ್ಲ. ಮನೆಯೊಳಗೆ ಒಂದು ಕಡ್ಡಿ ಸಿಗ್ನಲ್ಲೂ ಇಲ್ಲ. ತೋಟದ ಮೇಲಿನ ತಿರುವಿಗೆ ಹೋದರೆ ಎರಡು ಕಡ್ಡಿ ಬರುತ್ತದೆ. ಅದೂ ಟವರಿಗೆ ಕರೆಂಟ್ ಇದ್ದರೆ.

ಆದ್ದರಿಂದ ನಮಗೆ ವೈಫೈ ಅಂದರೆ ಬರೀ ಇಂಟರ್ನೆಟ್ ಅಲ್ಲ. ಅದೇ ನಮ್ಮ ಫೋನು. 2019ರ ಕೊನೆಗೆ ನಮ್ಮ ದೇಶದಲ್ಲಿ ವೈಫೈ ಕಾಲಿಂಗ್ ಬಂತು. ಸಿಗ್ನಲ್ ಇಲ್ಲದಿದ್ದರೂ ಮನೆಯ ವೈಫೈ ಮೇಲೇ ಅದೇ ನಂಬರಿಗೆ ಮಾಮೂಲಿ ಕಾಲ್ ಬರುತ್ತದೆ, ಹೋಗುತ್ತದೆ. ನಮ್ಮಲ್ಲಿ ಎಸ್‌ಎಂಎಸ್ ಕೂಡ ಅದರಲ್ಲೇ ಬರುತ್ತಿತ್ತು. ಪೇಟೆಯ ಜನಕ್ಕೆ ಅದು ಸಣ್ಣ ಸೌಕರ್ಯ ಇರಬಹುದು. ನಮ್ಮಂಥವರಿಗೆ ಕತ್ತಲ ಮನೆಗೆ ಕರೆಂಟ್ ಬಂದ ಹಾಗೆ.

ಈ ವೈಫೈ ನಮ್ಮ ಮನೆಗೆ ಸುಮ್ನೆ ಬಂದಿದ್ದೂ ಅಲ್ಲ. 2018ರ ಆಗಸ್ಟ್ ಮಳೆ ಯಾರು ಮರೆಯೋಕೆ ಸಾಧ್ಯ? ನಮ್ಮ ಮನೆಗೆ ಏನೂ ಆಗಲಿಲ್ಲ. ಆದರೆ ಮಡಿಕೇರಿ ಸುತ್ತ ಗುಡ್ಡ ಕುಸಿದ ಸುದ್ದಿಯನ್ನು ಟಿವಿಯಲ್ಲಿ ನೋಡಿದ ತಂಗಿ, ಮೂರು ದಿನ ನಮಗೆ ಫೋನ್ ಹತ್ತದೆ ಅತ್ತು ಅತ್ತು ಸುಸ್ತಾಗಿದ್ದಳು. ನಾಲ್ಕನೇ ದಿನ ನಾಪೋಕ್ಲಿಗೆ ಹೋಗಿ 'ಎಲ್ಲರೂ ಚೆನ್ನಾಗಿದ್ದೇವೆ' ಎಂದು ಹೇಳಿದಾಗ ಅವಳ ಬಾಯಿಂದ ಮಾತೇ ಹೊರಡಲಿಲ್ಲ. ಆಮೇಲೆ ನಾವು ಏಳು ಮನೆಯವರು ಸೇರಿ ದುಡ್ಡು ಹಾಕಿ ರಸ್ತೆಯಿಂದ ಒಳಗೆ ಫೈಬರ್ ಕೇಬಲ್ ಎಳೆಸಿದೆವು. ತೋಟದ ಸಿಲ್ವರ್ ಓಕ್ ಮರದಿಂದ ಮರಕ್ಕೆ ಕಟ್ಟಿಕೊಂಡು ಬಂದಿದ್ದೇವೆ. ಗಾಳಿಗೆ ಕೊಂಬೆ ಬಿದ್ದು ಕೇಬಲ್ ತುಂಡಾದರೆ ನಾವೇ ಏಣಿ ಹಿಡಿದು ನಿಲ್ಲುತ್ತೇವೆ. ಕರೆಂಟ್ ಹೋದರೆ ಇರಲಿ ಎಂದು ರೂಟರಿಗೇ ಬೇರೆ ಬ್ಯಾಟರಿ ಇಟ್ಟಿದ್ದೇವೆ. ಈ ಮಳೆಗಾಲದಲ್ಲಿ ಕೇಬಲ್ ಒಂದು ಸಲವೂ ತುಂಡಾಗಲಿಲ್ಲ. ಬ್ಯಾಟರಿಯೂ ಕೈಕೊಡಲಿಲ್ಲ. ಮಳೆ ಗಾಳಿ ತಡೆದುಕೊಂಡು ನಿಂತಿದ್ದನ್ನು, ಎಲ್ಲೋ ಕೂತ ಯಾರೋ ಒಂದೇ ರಾತ್ರಿಯಲ್ಲಿ ಕೆಡಿಸಿಬಿಟ್ಟರು.

ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಬೇಕಲ್ಲ? ಹೆಂಡತಿಯ ಫೋನಿನಿಂದ ಮಾಡಿದೆ. ಮೊದಲನೇ ದಿನ ಆಫ್ ಮಾಡಿ ಆನ್ ಮಾಡಿ ಎಂದರು. ಎರಡನೇ ದಿನ ವೈಫೈ ಹೆಸರು ಅಳಿಸಿ ಮತ್ತೆ ಪಾಸ್‌ವರ್ಡ್ ಹಾಕಿ ಎಂದರು. ಮೂರನೇ ದಿನ ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್. ಅದರಿಂದ ವೈಫೈ ಸರಿಹೋಗಲಿಲ್ಲ. ಜೀಪಿನ ಬ್ಲೂಟೂತ್, ಬೇರೆ ಕಡೆಯ ವೈಫೈ ಪಾಸ್‌ವರ್ಡು ಎಲ್ಲ ಅಳಿಸಿಹೋಯಿತು ಅಷ್ಟೇ. ಪ್ರತಿ ಸಲ ಬೇರೆಯವರು ಫೋನ್ ಎತ್ತುತ್ತಾರೆ, ಪ್ರತಿ ಸಲ ಮೊದಲಿನಿಂದ ಹೇಳಬೇಕು. ಕೊನೆಗೆ ಎಲ್ಲರದೂ ಒಂದೇ ಮಾತು: 'ಸರ್, ನಿಮ್ಮ ರೂಟರಿನ ಸಮಸ್ಯೆ ಇರಬಹುದು.'

ರೂಟರಿನ ಸಮಸ್ಯೆ ಅಲ್ಲ. ಅದೇ ಮನೆ, ಅದೇ ರೂಟರು, ಅದೇ ಊಟದ ಮೇಜು. ನನ್ನ ಫೋನಿನ ಪಕ್ಕದಲ್ಲೇ ಹೆಂಡತಿಯ ಫೋನು ಇಟ್ಟೆ. ಅದೂ ಅದೇ ಕಂಪನಿಯದು, ನನ್ನದಕ್ಕಿಂತ ಎರಡು ವರ್ಷ ಹಳೆಯದು. ಹಳೆಯದಾದ್ದರಿಂದ ಅದಕ್ಕೆ ಈ ಅಪ್‌ಡೇಟ್ ಬಂದಿಲ್ಲ. ಅದು ದಿನವಿಡೀ ಕಿತ್ತುಕೊಳ್ಳದೆ ನಡೆಯುತ್ತದೆ. ಪಕ್ಕದ ಮನೆಗೆ ಹೋಗಿ ಅವರ ವೈಫೈಗೆ ಹಾಕಿ ನೋಡಿದೆ. ಅಲ್ಲೂ ಎಂಟನೇ ನಿಮಿಷಕ್ಕೆ ಅದೇ ಚಿಹ್ನೆ. ಇನ್ನೇನು ಸಾಕ್ಷಿ ಬೇಕು?

ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿರುವ ಮಗಳು ರೂಟರಿನಲ್ಲಿ ಏನೇನು ಬದಲಾಯಿಸಬೇಕೆಂದು ಹೇಳಿಕೊಟ್ಟಳು. ವೈಫೈಯಲ್ಲಿ ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್ ಎಂದು ಎರಡು ಬಗೆ. 5 ವೇಗ ಜಾಸ್ತಿ, ಆದರೆ ದೂರ ಹೋಗಲ್ಲ, ಗೋಡೆ ದಾಟುವಾಗ ಸೊರಗುತ್ತದೆ. 2.4 ನಿಧಾನ, ಆದರೆ ದೂರ ತಲುಪುತ್ತದೆ. ನಮ್ಮ ರೂಟರಿನಲ್ಲಿ ಎರಡಕ್ಕೂ ಒಂದೇ ಹೆಸರಿತ್ತು. ಹೆಸರು ಬೇರೆ ಬೇರೆ ಮಾಡಿ ಫೋನನ್ನು 2.4ಕ್ಕೆ ಮಾತ್ರ ಹಾಕಿದೆವು. ಫೋನು ಪ್ರತಿ ವೈಫೈಗೂ ತನ್ನ ನಿಜವಾದ ಮ್ಯಾಕ್ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಫೋನನ್ನು ಗುರುತಿಸುವ ಸಂಖ್ಯೆ, ಮುಚ್ಚಿಟ್ಟು ಬೇರೊಂದನ್ನು ತೋರಿಸುತ್ತದಂತೆ, ಅದನ್ನೂ ನಿಲ್ಲಿಸಿ ಫೋನಿನ ಸ್ವಂತ ವಿಳಾಸವನ್ನೇ ಕೊಟ್ಟೆವು. ಎಂಟು ನಿಮಿಷ ಹೋಗಿ ಅರ್ಧ ಗಂಟೆ ಆಯಿತು. ಇದೇ ತೊಂದರೆ ಇರುವವರು ಇಷ್ಟನ್ನು ಮಾಡಿ ನೋಡಿ, ಸ್ವಲ್ಪ ಉಸಿರಾಡಬಹುದು. ಆದರೆ ಕಾಲೇಜಿಗೆ ಹೋಗುವ ಹುಡುಗಿಗೆ ಗೊತ್ತಿದ್ದದ್ದು ಕಂಪನಿಯವರಿಗೆ ಗೊತ್ತಿಲ್ವಾ? ಐದು ಸಲ ಫೋನ್ ಮಾಡಿದೆ, ಒಬ್ಬರೂ ಇದನ್ನು ಹೇಳಲಿಲ್ಲ.

ಆಗಸ್ಟ್ 3, ಕಕ್ಕಡ ಹದಿನೆಂಟು, ಅಂದರೆ ನಮ್ಮ ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮನೆಯಲ್ಲಿ ಆ ದಿನ ಮಾಡುವ ಮದ್ದುಸೊಪ್ಪಿನ (ಔಷಧಿ ಗಿಡದ ಎಲೆಯ) ಪಾಯಸ. ಮಗಳು ಮನೆ ಬಿಟ್ಟು ಹೋದ ಮೇಲೆ ಮೊದಲನೇ ಕಕ್ಕಡ. ಅವಳು ಹಾಸ್ಟೆಲಿನಿಂದ ವಿಡಿಯೋ ಕಾಲ್ ಮಾಡಿದಳು. ಅಮ್ಮನಿಗೆ 79 ವರ್ಷ. ಸೊಪ್ಪು ಬೇಯಿಸಿ ನೇರಳೆ ಬಣ್ಣ ಬಿಟ್ಟ ನೀರಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ ಮೊಮ್ಮಗಳಿಗೆ ತೋರಿಸುತ್ತಿದ್ದರು. ಅಷ್ಟರಲ್ಲಿ ಮಗಳ ಮುಖ ಪರದೆಯಲ್ಲಿ ಹಾಗೇ ನಿಂತುಹೋಯಿತು. ಅಮ್ಮನಿಗೆ ಅದು ಗೊತ್ತಾಗಲಿಲ್ಲ. 'ನೋಡು ಮಗಾ, ಈ ಸಲ ಬಣ್ಣ ಚೆನ್ನಾಗಿ ಬಂದಿದೆ, ಕಾಣ್ತಾ?' ಎಂದು ಹೇಳುತ್ತಲೇ ಇದ್ದರು. ಉತ್ತರ ಬರದೆ ನನ್ನ ಕಡೆ ತಿರುಗಿ, 'ಮಗು ಯಾಕೆ ಮಾತಾಡ್ತಿಲ್ಲ? ಬೇಜಾರಾಗಿದೆಯಾ?' ಎಂದರು. ಮತ್ತೆ ಹತ್ತಿಸಲು ಹೋದೆ, ಆಗಲಿಲ್ಲ. ಹೆಂಡತಿ ಫೋನ್ ತಗೊಂಡು ಗದ್ದೆ ಕಡೆ ಹೋಗಿದ್ದಳು. ಅವಳು ಬರೋ ಹೊತ್ತಿಗೆ ಮಗಳಿಗೆ ಡ್ಯೂಟಿ ಶುರುವಾಗಿತ್ತು. ಅಮ್ಮ ಅವತ್ತು ಪಾಯಸ ಬಾಯಿಗಿಟ್ಟುಕೊಂಡಿದ್ದು ಎರಡೇ ಚಮಚ.

ಇದಕ್ಕಿಂತ ದೊಡ್ಡದೂ ಆಗುತ್ತಿತ್ತು. ನಮ್ಮ ಕಡೆ ಆನೆ ಎಲ್ಲಿದೆ, ಯಾವ ತೋಟಕ್ಕೆ ಇಳಿದಿದೆ ಅನ್ನೋ ಸುದ್ದಿ ವಾಟ್ಸಾಪ್ ಗ್ರೂಪಿನಲ್ಲೇ ಬರುತ್ತದೆ. ಕೊಡಗಿನಲ್ಲಿ ತೋಟಕ್ಕೆ ಕೆಲಸಕ್ಕೆ ಹೋದವರು ಆನೆಗೆ ಸಿಕ್ಕಿ ಸತ್ತ ಸುದ್ದಿ ಪ್ರತಿ ವರ್ಷ ಓದುತ್ತೇವೆ. ಎಲ್ಲರೂ ಬೆಳಗ್ಗೆ ಎದ್ದು ಮೊದಲು ಆ ಗ್ರೂಪ್ ನೋಡಿಯೇ ಹೊರಗೆ ಕಾಲಿಡುತ್ತೇವೆ. ಹೋದ ವಾರ ನಾನೂ ನೋಡಿದೆ. ಹೊಸ ಮೆಸೇಜ್ ಇರಲಿಲ್ಲ. ಆರೂವರೆಗೆ ತೋಟದ ದಾರಿ ಹಿಡಿದೆ. ಮಳೆ, ಮಂಜು, ಹತ್ತು ಮಾರು ಆಚೆ ಏನೂ ಕಾಣಲ್ಲ. ಕೆಳಗೆ ತೋಟದ ಕೆಲಸಗಾರರು ಇರುವ ಲೈನ್‌ಮನೆಯ ಹುಡುಗ ಓಡಿ ಬಂದು, 'ಅಣ್ಣ, ಹೋಗ್ಬೇಡಿ, ಕೆರೆ ಹತ್ರ ಎರಡು ಇವೆ' ಎಂದು ಕೈ ಹಿಡಿದು ಎಳೆದ. ಆ ಮೆಸೇಜ್ ಐದು ಗಂಟೆ ಹತ್ತು ನಿಮಿಷಕ್ಕೆ ಬಂದಿತ್ತು. ನನ್ನ ಫೋನಿಗೆ ಅದು ತಲುಪಿದ್ದು ಒಂಬತ್ತು ಗಂಟೆಗೆ. ಈಗಲೂ ನೆನೆಸಿಕೊಂಡರೆ ಎದೆ ಹೊಡೆದುಕೊಳ್ಳುತ್ತದೆ.

ಬ್ಯಾಂಕಿನ ಒಟಿಪಿಗೆ ಕೊಡೆ ಹಿಡಿದು ತಿರುವಿನವರೆಗೆ ಹತ್ತಬೇಕು. ಮೇಲೆ ಹೋಗಿ ನಂಬರ್ ನೋಡಿ ಕೆಳಗೆ ಬರುವಷ್ಟರಲ್ಲಿ ಅದರ ಟೈಮ್ ಮುಗಿದಿರುತ್ತದೆ.

ಈ ನಡುವೆ ಎರಡು ಸಲ ಮೈಸೂರಿಗೆ ಹೋಗಿ ಬಂದೆ. ಕಂಪನಿಯ ಸರ್ವಿಸ್ ಸೆಂಟರ್ ಇರೋದು ಅಲ್ಲಿ. ವಿರಾಜಪೇಟೆ, ಗೋಣಿಕೊಪ್ಪ, ತಿತಿಮತಿ, ಹುಣಸೂರು ದಾಟಿ ಹೋಗಬೇಕು. ಒಂದು ದಿನ ಪೂರ್ತಿ ಹೋಯಿತು ಅಂತಲೇ ಲೆಕ್ಕ. ಮೊದಲನೇ ಸಲ ಕೌಂಟರಿನಲ್ಲಿದ್ದ ಹುಡುಗ ತಮ್ಮ ವೈಫೈಗೆ ಹಾಕಿ ಮೂರು ನಿಮಿಷ ನೋಡಿ, 'ಸರಿಯಾಗೇ ಇದೆಯಲ್ಲ ಸರ್' ಎಂದ. 'ಇಪ್ಪತ್ತು ನಿಮಿಷ ಬಿಡಪ್ಪ, ಆಗ ಗೊತ್ತಾಗುತ್ತೆ' ಎಂದೆ. ಅವನು ಮುಂದಿನ ಟೋಕನ್ ಕರೆದ. ಫೋನ್ ಪೂರ್ತಿ ಅಳಿಸಿ ಫ್ಯಾಕ್ಟರಿ ರೀಸೆಟ್ ಮಾಡಿ ನೋಡಿ ಎಂದು ಕಳಿಸಿದರು. ಮಾಡಿದೆ. ಅದಕ್ಕೂ ಮೊದಲು ಫೋಟೋಗಳನ್ನೆಲ್ಲ ಉಳಿಸಿಕೊಳ್ಳಬೇಕಲ್ಲ, ವೈಫೈ ಇಲ್ಲದೆ ಬ್ಯಾಕಪ್ ಹೋಗಲ್ಲ. ಪೆನ್‌ಡ್ರೈವಿಗೆ ಹಾಕಿಕೊಳ್ಳಲು ಒಂದು ರಾತ್ರಿ ಹಿಡಿಯಿತು. ಇಷ್ಟೆಲ್ಲ ಆದಮೇಲೂ ಎಂಟನೇ ನಿಮಿಷಕ್ಕೆ ಅದೇ ಚಿಹ್ನೆ.

ಎರಡನೇ ಸಲ ಹೋದಾಗ ಹೇಳಿದ್ದು ಕೇಳಿ. 'ವೈಫೈ ಚಿಪ್ ಹೋಗಿದೆ ಸರ್, ಬೋರ್ಡೇ ಬದಲಿಸಬೇಕು. ವಾರಂಟಿ ಎರಡು ತಿಂಗಳ ಹಿಂದೆ ಮುಗಿದಿದೆ. 9,400 ರೂಪಾಯಿ ಆಗುತ್ತೆ.' ಹಿಂದಿನ ರಾತ್ರಿವರೆಗೆ ಸರಿಯಿದ್ದ ಚಿಪ್ಪು, ಅಪ್‌ಡೇಟ್ ಆದ ಬೆಳಗ್ಗೆಯೇ ಹೇಗೆ ಹೋಯಿತು? ಕೆಡಿಸಿದ್ದು ನೀವು, ದುಡ್ಡು ಕಟ್ಟೋದು ನಾನಾ? ಹಳೇ ಸಾಫ್ಟ್‌ವೇರನ್ನೇ ವಾಪಸ್ ಹಾಕಿಕೊಡಿ, ಬೇರೇನೂ ಬೇಡ ಎಂದೆ. ಅದು ಆಗಲ್ಲವಂತೆ. ಒಮ್ಮೆ ಮುಂದೆ ಹೋದ ಮೇಲೆ ಹಿಂದೆ ಬರದಂತೆ ಫೋನಿನೊಳಗೇ ಬೀಗ ಹಾಕಿರುತ್ತಾರಂತೆ. ಕಾರಣ ಕೇಳಿದರೆ ಭದ್ರತೆ. ಹಳೇ ಸಾಫ್ಟ್‌ವೇರಿನ ತೂತಿನಿಂದ ಕಳ್ಳರು ನುಗ್ಗಬಾರದು ಅಂತೆ.

ಭದ್ರತೆ ಬೇಡ ಎಂದು ನಾನು ಹೇಳುತ್ತಿಲ್ಲ. ಆಂಡ್ರಾಯ್ಡ್‌ಗೆ 2015ರಿಂದ ಆಗಾಗ ಭದ್ರತಾ ಅಪ್‌ಡೇಟ್ ಬರುತ್ತಿದೆ. ಅದು ಬರಲಿ, ಬೇಕು. ಆದರೆ ಭದ್ರತೆಯ ಹೆಸರಿನಲ್ಲಿ ಐಕಾನ್ ಬದಲಿಸೋದು, ಗಡಿಯಾರ ಬದಲಿಸೋದು, ಅದರ ಜೊತೆಗೆ ವೈಫೈ ಕೆಡಿಸೋದು ಯಾಕೆ? ಎರಡನ್ನೂ ಬೇರೆ ಬೇರೆ ಕೊಡಿ. ಕೆಟ್ಟರೆ ವಾಪಸ್ ಬರಲು ಒಂದು ದಾರಿ ಇಡಿ. 2018ರಲ್ಲಿ ಇಟಲಿಯಲ್ಲಿ ಅಲ್ಲಿನ ಸ್ಪರ್ಧಾ ಪ್ರಾಧಿಕಾರ ಇಂಥದ್ದಕ್ಕೇ ಎರಡು ದೊಡ್ಡ ಫೋನ್ ಕಂಪನಿಗಳಿಗೆ ದಂಡ ಹಾಕಿತ್ತು. ಅಪ್‌ಡೇಟ್ ಹಾಕಿಸಿಕೊಂಡ ಮೇಲೆ ಫೋನುಗಳು ನಿಧಾನವಾದವು, ಜನಕ್ಕೆ ಸರಿಯಾಗಿ ಹೇಳಲೂ ಇಲ್ಲ, ಮೊದಲಿನ ಹಾಗೆ ಮಾಡಿಕೊಳ್ಳುವ ದಾರಿಯನ್ನೂ ಕೊಡಲಿಲ್ಲ ಎಂದು. ಅಲ್ಲಿಯ ಗ್ರಾಹಕನಿಗೆ ತಪ್ಪು ಅನ್ನಿಸಿದ್ದು ಇಲ್ಲಿಯವನಿಗೆ ಸರಿ ಆಗುತ್ತಾ?

ಇನ್ನೊಂದಿದೆ. ಈ ತೊಂದರೆ ಸರಿಮಾಡುವ ಹೊಸ ಅಪ್‌ಡೇಟ್ ಬಂದಿದೆಯಂತೆ. ಒಂದೂವರೆ ಜಿಬಿ. ವೈಫೈ ಇದ್ದರೆ ಮಾತ್ರ ಇಳಿಯುತ್ತದಂತೆ! ಪ್ರತಿ ರಾತ್ರಿ ಶುರುಮಾಡುತ್ತೇನೆ. ಒಮ್ಮೆ 31 ಪರ್ಸೆಂಟಿಗೆ ನಿಂತಿತು, ಒಮ್ಮೆ 44ಕ್ಕೆ. ಸಂಪರ್ಕ ತಪ್ಪಿತು ಎಂದು ಹೇಳಿ ಮತ್ತೆ ಸೊನ್ನೆಯಿಂದ ಶುರು. ವೈಫೈ ನಿಲ್ಲದ ಫೋನಿಗೆ ವೈಫೈ ಮೂಲಕವೇ ಮದ್ದು ಕಳಿಸುವವರು, ಆ ಫೋನನ್ನು ಒಂದು ದಿನ ಕೈಯಲ್ಲಿ ಹಿಡಿದು ನೋಡಿದ್ದಾರಾ?

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಬಿಲ್ಲು, ಸರ್ವಿಸ್ ಸೆಂಟರಿನ ಚೀಟಿ, ಪರದೆಯ ಫೋಟೋ ಎಲ್ಲ ಒಂದು ಕವರಿನಲ್ಲಿ ಹಾಕಿ ಇಟ್ಟಿದ್ದೇನೆ. 9,400 ರೂಪಾಯಿ ಕೊಡಲ್ಲ.

ಗುರುವಾರ ಮತ್ತೆ ಮೈಸೂರಿಗೆ ಹೊರಟಿದ್ದೇನೆ, ಮೂರನೇ ಸಲ. ಈ ಸಲ ಹೆಂಡತಿಯ ಫೋನೂ ತಗೊಂಡು ಹೋಗುತ್ತೇನೆ. ಎರಡನ್ನೂ ಅವರ ಕೌಂಟರಿನ ಮೇಲೆ ಪಕ್ಕಪಕ್ಕ ಇಟ್ಟು, ಅವರ ವೈಫೈಗೇ ಹಾಕಿ, ಇಪ್ಪತ್ತು ನಿಮಿಷ ಅಲ್ಲೇ ನಿಲ್ಲುತ್ತೇನೆ. ಟೋಕನ್ ಕರೆದರೂ ಕದಲಲ್ಲ. ಅವತ್ತು ಬೆಳಗ್ಗೆಯಿಂದ ರಾತ್ರಿವರೆಗೆ ಮನೆಯಲ್ಲಿ ಅಮ್ಮ, ಹೆಂಡತಿ ಇಬ್ಬರೇ, ಒಂದು ಫೋನೂ ಇರಲ್ಲ. ಲೈನ್‌ಮನೆಯ ಆ ಹುಡುಗನಿಗೆ ಹೇಳಿದ್ದೇನೆ, ಗ್ರೂಪಿನಲ್ಲಿ ಆನೆ ಸುದ್ದಿ ಬಂದರೆ ಓಡಿ ಬಂದು ಹೇಳು ಎಂದು.